ಸೂಲಗಿತ್ತಿಯ ಆಟ ಕಟ್ಟಿದವರು

ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಕೀಬೋರ್ಡಿನ ಮೇಲೆ ಉಳಿದ ಬೆರಳುಗಳೆಲ್ಲ ಓಡಾಡುವಾಗ ಅದೊಂದು ಮಾತ್ರ ಮುನಿಸಿಕೊಂಡ ಸೊಸೆಯ ಹಾಗೆ ದೂರ ನಿಂತಿರುತ್ತಿತ್ತು. ನ್ಯೂಯಾರ್ಕಿನ ಹತ್ತಿರದ ಮೆಟುಚೆನ್ನಿನಲ್ಲಿ ನಮ್ಮ ಮೇಲಿನ ಅಪಾರ್ಟ್‌ಮೆಂಟಿನ ಅಂಕಲ್, ಧಾರವಾಡದ ಕಡೆಯವರು. ನಮ್ಮವರೆಲ್ಲ ವೈ ಟೂ ಕೆ ಎಂದು, ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜು ಮಾಡುತ್ತಾ ಬಿಡುವಿಲ್ಲದೆ ದುಡಿಯುತ್ತಿದ್ದಾಗ ಇವರು ಗ್ರೀನ್ ಕಾರ್ಡ್ ಬಂದದ್ದೇ ತಡ, ಮ್ಯಾನ್‌ಹಟನ್ನಿನ ಒಳ್ಳೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತು ಕಂಪ್ಯೂಟರ್ ಆಟ ಕಟ್ಟುತ್ತಿದ್ದರು. ತಲೆ ಕೆಟ್ಟಿದೆ ಅಂದರು ಜನ. ನಾನೂ ಅಂದಿದ್ದೆ.

ಆ ಆಟದಲ್ಲಿ ಆಡುವವರೇ ಒಂದು ಊರಿನ ಸೂಲಗಿತ್ತಿ. ಕತ್ತಿ ಇಲ್ಲ, ಕುದುರೆ ಇಲ್ಲ. ನಲವತ್ತು ಮನೆಗಳು, ಯಾವ ಮನೆಯಲ್ಲಿ ಏನು ಮಾತು ಕೊಟ್ಟೆವೋ ಅದನ್ನು ಆ ಮನೆಯವರು ಕೊನೆತನಕ ಮರೆಯುವುದಿಲ್ಲ. ಗಿಡಮೂಲಿಕೆ, ನಂಟು, ಜಗಳ, ಒಂದೊಂದಕ್ಕೂ ಹತ್ತು ನಿಯಮ. “ಬರೇ ಹುಡುಗರು ಆಡೂದಲ್ಲವ್ವಾ, ನಿಮ್ಮಂಥಾ ಹೆಣ್ಮಕ್ಕಳೂ ಆಡಬೇಕು. ಹಂಗಂತ ಆಟ ಸಣ್ಣದು ಮಾಡಂಗಿಲ್ಲ,” ಎನ್ನುತ್ತಿದ್ದರು.

ಅವರಿಗೆ ಸಿಕ್ಕ ಹೆಣ್ಣುಮಗಳು ನಾನು. ಕೆಲಸ ಮಾಡಲು ಬಿಡದ ಎಚ್-ಫೋರ್ ವೀಸಾದವಳು, ಎಂಎಸ್ಸಿ ಮಾಡಿಯೂ ಮನೆಯಲ್ಲಿ ಕೂತವಳು. ಮಧ್ಯಾಹ್ನ ಕರೆದು ಕೂರಿಸಿ, ಆಂಟಿ ಮಾಡಿದ ಚುರುಮುರಿ ಮುಂದಿಟ್ಟು, “ಆಡು” ಅನ್ನುತ್ತಿದ್ದರು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಮೊದಲ ಮನೆಯಿಂದ ಹೊರಬರಲಾಗದೆ ಸಿಕ್ಕಸಿಕ್ಕಲ್ಲಿ ಒತ್ತುತ್ತಿದ್ದೆ. ಅವರು ತಡೆಯಲಾರದೆ ಆ ಮನೆಯ ಕೆಲಸವನ್ನು ತಾವೇ ಮಾಡಿ ತೋರಿಸಿಬಿಡುತ್ತಿದ್ದರು.

“ತಿಳೀತೇನವಾ?”

“ಚೆನ್ನಾಗಿ ಗೊತ್ತಾಯ್ತು ಅಂಕಲ್.”

ದೊಡ್ಡವರು, ಅಷ್ಟು ಆಸೆಯಿಂದ ಕೇಳುತ್ತಾರೆ, ಇಲ್ಲ ಅನ್ನುವುದು ಹೇಗೆ? ದಾಕ್ಷಿಣ್ಯ ಒಂದು ಕಡೆ. ದಡ್ಡಿ ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅದೂ ನಿಜ.

ಅಂಕಲ್ ಆಟ ಒಯ್ದು ಕೊಟ್ಟ ನ್ಯೂಯಾರ್ಕಿನ ಒಂದು ಗೇಮ್ ಕಂಪನಿ, ಇಂಥ ಆಟಗಳ ಗಂಧವೇ ಇಲ್ಲದ ಆರು ಜನರನ್ನು ಕೂರಿಸಿ ಆಡಿಸಿ ನೋಡಿತು. ಒಬ್ಬರೂ ಮೊದಲ ಮನೆ ದಾಟಲಿಲ್ಲ. ಶುರುವನ್ನು ಸುಲಭ ಮಾಡಿ ತಿಂಗಳೊಳಗೆ ತನ್ನಿ, ಮತ್ತೆ ನೋಡೋಣ ಎಂದರಂತೆ. ಅಂಕಲ್ ಮೆಟ್ಟಿಲ ಮೇಲೆ ಕೂತು ಷೂ ಬಿಚ್ಚುತ್ತಾ ನನಗೆ ಹೇಳಿದರು: “ಆ ಮಂದಿಗೆ ತಾಳ್ಮಿ ಇಲ್ಲ. ನಿನಗ ತಿಳೀತಲ್ಲ? ಅಂದಮ್ಯಾಲ ಆಟದಾಗ ತಪ್ಪಿಲ್ಲ. ನಾ ಏನೂ ಬದಲ ಮಾಡಂಗಿಲ್ಲ.”

ಒಂದು ತಿಂಗಳಿತ್ತು. ನಿಜ ಹೇಳಿಬಿಡಬೇಕೆಂದು ದಿನಾ ಮೆಟ್ಟಿಲು ಹತ್ತುತ್ತಿದ್ದೆ, ಚುರುಮುರಿ ತಿಂದು ಇಳಿಯುತ್ತಿದ್ದೆ. ಅವರು ಅದೇ ಆಟವನ್ನು ಮತ್ತೆ ಒಯ್ದರು. ಕಂಪನಿಯವರು ತೆರೆದೂ ನೋಡಲಿಲ್ಲ. ಆಮೇಲೆ ಡಾಟ್‌ಕಾಮ್‌ ಎಂಬ ಇಂಟರ್ನೆಟ್ ಕಂಪನಿಗಳೆಲ್ಲ ಮುಳುಗಿದವು; ಬೇರೆ ಯಾರೂ ಬಾಗಿಲು ತೆಗೆಯಲಿಲ್ಲ. ಅಂಕಲ್ ಕ್ರ್ಯಾನ್‌ಬರಿಯ ಗೋದಾಮೊಂದರಲ್ಲಿ ಸ್ಟಾಕ್ ನೋಡುವ ಕೆಲಸಕ್ಕೆ ಸೇರಿದರು. ಆಟದ ಸುದ್ದಿಯನ್ನೇ ಎತ್ತಲಿಲ್ಲ. ಎರಡನೆಯ ಚಳಿಗಾಲದಲ್ಲಿ ಕಾರಿನ ಮೇಲಿನ ಸ್ನೋ ತೆಗೆಯುತ್ತಾ ಕುಸಿದವರು ಮತ್ತೆ ಏಳಲಿಲ್ಲ.

ಅವರ ದೇಹ ಇಟ್ಟಿದ್ದ ಫ್ಯೂನರಲ್ ಹೋಮಿನಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡರು. “ನನ್ನ ಆಟ ಆ ಹುಡುಗಿ ಒಬ್ಬಾಕಿಗೆ ತಿಳಿದಿತ್ತು ಅಂತಿದ್ರವಾ, ಕಡೀತನಕ. ಖರೇನ ಚಲೋ ಇತ್ತೇನು ಅದು?”

ಮೊದಲ ಮನೆಯಾಚೆ ಆ ಊರಿನಲ್ಲಿ ಏನೇನಿತ್ತೋ, ನನಗೇನು ಗೊತ್ತು.

“ತುಂಬಾ ಚೆನ್ನಾಗಿತ್ತು ಆಂಟಿ,” ಅಂದೆ.