ಮೂವತ್ತೈದು ಕುದುರೆಗಳ ಸ್ವಯಂವರ

ಟ್ರ್ಯಾಕ್ಟರ್ ಹಾಗಿರಲಿ, ನನಗೆ ಸೈಕಲ್ಲೂ ನೆಟ್ಟಗೆ ಬರುವುದಿಲ್ಲ. ಗ್ರಾಂಟ್ ರೋಡಿನಲ್ಲಿ ಸೈಕಲ್ ಕಲಿಯಲು ಹೊರಟು ಮೊದಲ ದಿನವೇ ಬಾಳೆಹಣ್ಣಿನ ಗಾಡಿಗೆ ನುಗ್ಗಿದವನು ನಾನು. ಇಂಥವನು ಹೋದ ಬೇಸಿಗೆಯಲ್ಲಿ ಕೆಲವು ದಿನ ಆ ಬೀದಿಗೆಲ್ಲ ಟ್ರ್ಯಾಕ್ಟರ್ ತಜ್ಞನಾಗಿದ್ದೆ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ. ಜನ ನಕ್ಕಿದ್ದರಿಂದಲೇ ನಾನು ತಜ್ಞನಾದದ್ದು. ಹಾಗೆ ನಕ್ಕಿದ್ದರಿಂದಲೇ ಹದಿನಾಲ್ಕು ಮಂದಿ ಮಳೆಯಲ್ಲಿ ನೆನೆಯುವ ಹಂತಕ್ಕೆ ಬಂದದ್ದು.

ನಾನು ಹಗಲಲ್ಲಿ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟು, ಸಂಜೆ ಗ್ರಾಂಟ್ ರೋಡಿನ ನನ್ನ ಸೋದರಮಾವನ ಹೊಟೇಲಿನಲ್ಲಿ ವಿದೂಷಕ. ಎರಡನೆಯ ಕೆಲಸಕ್ಕೆ ಸಂಬಳವಿಲ್ಲ, ಎರಡು ಹೊತ್ತಿನ ಊಟ ಮಾತ್ರ. ಯಾರನ್ನು ಕಂಡರೂ ಅವರ ಸ್ವರ ನನ್ನ ಗಂಟಲಿಗೆ ಬಂದು ಕೂತುಕೊಳ್ಳುತ್ತದೆ. ಲೋಕಲ್ ರೈಲಿನ ಟಿಕೆಟ್ ಚೆಕರ್, ನಮ್ಮ ಆಫೀಸಿನ ಹೆಡ್ ಕ್ಲರ್ಕ್, ವಡೆ ಮುಗಿದಾಗ ಯಾರೋ ತೀರಿಕೊಂಡರೆಂಬಂತೆ ತಲೆ ತಗ್ಗಿಸಿ 'ವಡೆ ಆಯ್ತು' ಎನ್ನುವ ನಮ್ಮ ವಾಸು ಮಾವ, ಎಲ್ಲರೂ ಅಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಅಷ್ಟು ಜನರ ಗದ್ದಲದಲ್ಲಿ ನನ್ನ ಸ್ವಂತ ಸ್ವರ ಯಾವ ಮೂಲೆಯಲ್ಲಿದೆ ಎಂದು ನಾನು ವಿಚಾರಿಸಿರಲಿಲ್ಲ. ಅಗತ್ಯ ಬಿದ್ದಿರಲಿಲ್ಲ.

ಹೊಟೇಲಿನ ಅಡಿಗೆಮನೆಯ ಮೇಲೆ ಒಂದು ಮರದ ಅಟ್ಟವಿತ್ತು. ಭಟ್ಟರಿಂದ ಹಿಡಿದು ತಟ್ಟೆ ತೊಳೆಯುವವರ ತನಕ ಹದಿನಾಲ್ಕು ಜನ ಕೆಲಸಗಾರರು ಮಲಗುತ್ತಿದ್ದುದು ಅದರ ಮೇಲೆ. ಮಾರ್ಚ್ ತಿಂಗಳಲ್ಲಿ ಬಿಲ್ಡಿಂಗಿನ ಯಜಮಾನರು ಬಂದು ತೊಲೆಗೆ ಕೊಡೆಯಿಂದ ಒಮ್ಮೆ ಚುಚ್ಚಿದರು. ಕೊಡೆ ಒಳಗೆ ಹೋಯಿತು. ಮಳೆಗಾಲಕ್ಕೆ ಮೊದಲು ಅಟ್ಟ ಇಳಿಸಲೇಬೇಕು ಎಂದು ಹೇಳಿ ಹೋದರು. ಮಾವನಿಗೆ ದಹಿಸರಿನಲ್ಲಿ ಒಂದು ಎಕರೆ ಜಾಗವಿತ್ತು. ಮೇಲಿನ ಅರ್ಧ ಮುರುಮ್ ಎಂಬ ಗಟ್ಟಿ ಜಲ್ಲಿಮಣ್ಣಿನ ದಿಬ್ಬ, ಕೆಳಗಿನ ಅರ್ಧ ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ದಿಬ್ಬವನ್ನು ಕಡಿದು ತಗ್ಗಿಗೆ ತುಂಬಿ, ಮೇಲೆ ತಗಡಿನ ಪತ್ರಾದ ಶೆಡ್ಡು ಹಾಕಿದರೆ ಅಷ್ಟೂ ಜನ ಮಲಗಬಹುದು. ಮಾವ ಹದಿನಾಲ್ಕು ಜನರನ್ನೂ ಕರೆದು, ಮೊದಲ ಮಳೆ ಬೀಳುವಾಗ ನೀವು ಒಣ ನೆಲದ ಮೇಲೆ ಮಲಗಿರುತ್ತೀರಿ ಎಂದು ಮಾತು ಕೊಟ್ಟರು. ನಮ್ಮ ಮಾವ ಸಾಂಬಾರಿಗೆ ನೀರು ಬೆರೆಸಿಯಾರು, ಕೊಟ್ಟ ಮಾತಿಗೆ ಬೆರೆಸುವವರಲ್ಲ.

ದಹಿಸರಿನಲ್ಲಿ ಕೆಲಸ ಹಿಡಿದವನು ವಿಜಾಪುರದ ಕಡೆಯ ಬಸಪ್ಪ. ಐದು ಆಳು, ಹತ್ತು ಬುಟ್ಟಿ. ಹದಿನೈದು ದಿನ ಹೊತ್ತ ಮೇಲೆ ಅವನೇ ಬಂದು, ಇದು ಬುಟ್ಟಿಯಲ್ಲಿ ಮುಗಿಯುವ ಮಣ್ಣಲ್ಲ, ಮುಂದೆ ಬಕೆಟ್ಟಿರುವ ಟ್ರ್ಯಾಕ್ಟರ್ ಬೇಕು ಎಂದ. ಅದಕ್ಕೆ ಲೋಡರ್ ಅನ್ನುತ್ತಾರೆ ಎಂದೂ ಹೇಳಿದ. ಬಾಡಿಗೆಗೆ ನೋಡಿದರೆ ಹೇಗೆ ಎಂದು ಯಾರೋ ಕೇಳಿದ್ದಕ್ಕೆ ಮಾವ ಮುಖ ಹುಳಿ ಮಾಡಿಕೊಂಡರು. ಬಾಡಿಗೆ ಪಾತ್ರೆಯಲ್ಲಿ ಅಡಿಗೆ ಮಾಡಿದ ಹೊಟೇಲು ಉದ್ಧಾರವಾಗುವುದಿಲ್ಲ ಎಂಬುದು ಅವರ ಧರ್ಮಶಾಸ್ತ್ರ. ಅದರಲ್ಲಿ ಇರುವುದು ಅದೊಂದೇ ಶ್ಲೋಕ.

ಹಾಗಾಗಿ ಟ್ರ್ಯಾಕ್ಟರ್ ಕೊಳ್ಳುವುದೆಂದಾಯಿತು. ಯಾವುದು ಎಂಬ ಪ್ರಶ್ನೆ ಗಲ್ಲಾದ ಮುಂದೆ ಬಂತು. ನೀವು ಉಡುಪಿ ಹೊಟೇಲಿನ ಗಲ್ಲಾದ ಮುಂದೆ ಒಂದು ಪ್ರಶ್ನೆಯನ್ನು ಇಟ್ಟು ನೋಡಿ, ಇರುವೆ ಮುತ್ತಿದ ಬೆಲ್ಲದಂತೆ ಐದೇ ನಿಮಿಷದಲ್ಲಿ ಅದು ಕಾಣದಾಗುತ್ತದೆ. ಎದುರು ಚಾಳಿನ ದರ್ಜಿ, ಇಪ್ಪತ್ತೈದು ಕುದುರೆಯ ಶಕ್ತಿಯದ್ದು ಸಾಕು ಎಂದ. ರಿಟೈರಾದ ರೈಲ್ವೆ ಗಾರ್ಡು, ಐವತ್ತಕ್ಕಿಂತ ಕಡಿಮೆಯದ್ದು ಆಟಿಕೆ ಎಂದರು. ಬಟ್ಟೆ ವ್ಯಾಪಾರಿಯೊಬ್ಬರು ಅದರ ಬಣ್ಣ ಯಾವುದು ಎಂದು ಕೇಳಿದರು. ಹತ್ತು ವರ್ಷಗಳಿಂದ ಮಣ್ಣನ್ನು ಹೂವಿನ ಕುಂಡದಲ್ಲಿ ಮಾತ್ರ ಕಂಡ ಜನ ಇವರು. ಗಿರಾಕಿಯ ಮಾತು ತೆಗೆದುಹಾಕುವ ಪದ್ಧತಿ ಮಾವನಲ್ಲಿ ಇಲ್ಲದ್ದರಿಂದ, ಸೋಮವಾರ ಇಪ್ಪತ್ತೈದು, ಮಂಗಳವಾರ ಐವತ್ತು, ಬುಧವಾರ ಹಸಿರು ಎಂದು ಅವರ ನಿರ್ಧಾರ ಬದಲಾಗುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿಯಿತು. ಹೋಗಿ ಕಣ್ಣಾರೆ ನೋಡಿ ಬನ್ನಿ ಮಾವ ಎಂದರೆ, ಹದಿನೆಂಟು ವರ್ಷದಲ್ಲಿ ವ್ಯಾಪಾರದ ಹೊತ್ತಿಗೆ ಗಲ್ಲಾ ಬಿಟ್ಟು ಎದ್ದಿಲ್ಲ ಎಂದರು. 'ನೀನೇ ಹೋಗು. ಅವರು ಹೇಳಿದ್ದನ್ನು ಬಂದು ಹೇಳು. ಒಟ್ಟು ಎಷ್ಟು ಮೂಟೆ ಅಕ್ಕಿ ಎತ್ತುತ್ತದೆ ಅಂತ ಕೇಳು.'

ಇಲ್ಲಿ ಒಂದು ಮಾತು. ನಮ್ಮ ಹಿರಿಯರು ಎತ್ತು, ಕುದುರೆ ಕೊಳ್ಳುವಾಗ ಸುಳಿ ನೋಡುತ್ತಿದ್ದರು. ಹಣೆಯ ಸುಳಿ ಒಳ್ಳೆಯದು, ಬೆನ್ನಿನ ಸುಳಿ ಕೆಟ್ಟದ್ದು ಎಂದು ಅದಕ್ಕೊಂದು ಲೆಕ್ಕವಿತ್ತು. ಮೂವತ್ತೈದು ಕುದುರೆಗಳನ್ನು ಒಂದೇ ಕಬ್ಬಿಣದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸುಳಿಯನ್ನು ಎಲ್ಲಿ ಹುಡುಕುವುದು? ಆಗ ಉಳಿಯುವುದು ಸ್ವಯಂವರದ ಕ್ರಮ. ಹಳೆಯ ಕಥೆಗಳಲ್ಲಿ ರಾಜಕುಮಾರಿ ಮಾಲೆ ಹಿಡಿದು ನಡೆಯುತ್ತಾಳೆ, ಪಕ್ಕದಲ್ಲಿ ಸಖಿ ಒಬ್ಬೊಬ್ಬ ರಾಜನನ್ನೂ ವರ್ಣಿಸುತ್ತಾಳೆ. ಮಾಲೆಯ ಬಗ್ಗೆ ಕವಿಗಳು ಎಷ್ಟೋ ಬರೆದರು. ಆ ಸಖಿಗೆ ಅಣಕಿಸುವ ಚಟವಿದ್ದರೆ ರಾಜ್ಯಗಳ ಗತಿಯೇನು ಎಂದು ಯಾರಿಗೂ ಹೊಳೆದಂತಿಲ್ಲ.

ಸಖಿ ಮೊದಲು ಗೋರೆಗಾಂವಿಗೆ ಹೋದಳು. ಅಲ್ಲಿನ ಷೋರೂಮಿನಲ್ಲಿ ಟೈ ಕಟ್ಟಿದ ತರುಣನೊಬ್ಬ ಐವತ್ತು ಕುದುರೆಯ ಒಂದು ದೈತ್ಯನ ಮಡ್‌ಗಾರ್ಡಿಗೆ ಅಂಗೈಯಿಂದ ಬಾರಿಸಿ, 'ಶೇಠ್ ಕೋ ಬೋಲನಾ, ಹಾಥೀ ಹೈ ಹಾಥೀ' ಎಂದ. ಈ ಆನೆ ಹತ್ತು ಮೂಟೆ ಎತ್ತುತ್ತದೆ ಎಂದ. ಆನೆಯ ಸೊಂಡಿಲಿನ ಹಾಗೆ ತೋಳು ಎತ್ತಿ ಇಳಿಸಿ ತೋರಿಸಿದ. ಬೀಳ್ಕೊಡುವಾಗ, ಆನೆ ಕೈಗೆ ಬರಲು ಬುಕಿಂಗ್ ಆದ ಮೇಲೆ ಎಂಟು ತಿಂಗಳು ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಇನ್ನೊಂದು ಅಂಗಡಿ ಭಾಯಖಳಾದಲ್ಲಿ, ಒಬ್ಬ ಮುದುಕ ಪಾರ್ಸಿ ಬಾವಾಜಿಯದ್ದು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಜಾಗಕ್ಕೆ ಹೋಗುವ ಗಲ್ಲಿ ಎಷ್ಟು ಅಗಲ ಎಂದು ಕೇಳಿದರು. ಮತ್ತೆ ತೆಗೆದು, ಒರೆಸಿ, ಹಾಕಿಕೊಂಡು, ತಗ್ಗಿನ ಮಣ್ಣು ಎಷ್ಟು ಮೆತ್ತಗಿದೆ ಎಂದರು. ದೊಡ್ಡ ಗಾಡಿ ಆ ಗಲ್ಲಿಯಲ್ಲಿ ತಿರುಗುವುದಿಲ್ಲ, ತಗ್ಗಿನಲ್ಲಿ ಹೂತುಹೋಗುತ್ತದೆ, ಸಣ್ಣದ್ದು ಬಕೆಟ್ ತುಂಬಿದೊಡನೆ ಮುಗ್ಗರಿಸಿ ಹಿಂದಿನ ಚಕ್ರ ಎತ್ತುತ್ತದೆ, ನಿಮ್ಮ ಕೆಲಸಕ್ಕೆ ಮೂವತ್ತೈದು ಸರಿ, ಹಿಂದೆ ಕಲ್ಲಿನ ತೂಕ ಕಟ್ಟಿ ಓಡಿಸಬೇಕು ಎಂದರು. ಕೊನೆಗೆ, ಹೊಸದಕ್ಕೆ ಎಲ್ಲೆಲ್ಲೂ ತಿಂಗಳುಗಟ್ಟಲೆ ಕ್ಯೂ ಇದೆ, ಎರಡು ವಾರದ ಕೆಲಸಕ್ಕೆ ಕೊಳ್ಳುವುದೇಕೆ, ನನ್ನ ಹಳೆಯ ಗಾಡಿಯನ್ನು ಡ್ರೈವರ್ ಸಮೇತ ಬಾಡಿಗೆಗೆ ಕೊಡುತ್ತೇನೆ ಎಂದರು. ಇಷ್ಟನ್ನು ಹೇಳಲು ಮುಕ್ಕಾಲು ಗಂಟೆ ತೆಗೆದುಕೊಂಡರು.

ಆ ಸಂಜೆಯ ನನ್ನ ಪ್ರದರ್ಶನವನ್ನು ನೀವು ನೋಡಬೇಕಿತ್ತು. ಗೋರೆಗಾಂವಿನ ತರುಣನಾಗಿ ನಾನು ಗಲ್ಲಾಕ್ಕೆ ಬಾರಿಸಿದಾಗ ಚಿಲ್ಲರೆ ಹಾರಿತು. ಬಾವಾಜಿಯಾಗಿ ಎರಡು ವಾಕ್ಯಗಳ ನಡುವೆ ಒಂದಿಡೀ ಕಾಫಿ ಕುಡಿದು ಮುಗಿಸಿದೆ. ಭಟ್ಟರು ಒಲೆ ಬಿಟ್ಟು ಬಂದರು, ದೋಸೆ ಸೀಯಿತು, ಯಾರೂ ಗೊಣಗಲಿಲ್ಲ. ಎಂಟು ತಿಂಗಳ ಮಾತನ್ನು ನಾನು ಹೇಳಲಿಲ್ಲ. ಮರೆತದ್ದಲ್ಲ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ, ಆನೆಯ ಸೊಂಡಿಲಿನಿಂದ ನೇರ ಬಾವಾಜಿಯ ಕನ್ನಡಕಕ್ಕೆ ಹಾರಿದರೆ ಆಟ ಬಿಗಿಯಾಗಿರುತ್ತದೆ. ಬಾವಾಜಿಯ ಬಾಡಿಗೆಯ ಮಾತು ಬರುವ ಹೊತ್ತಿಗೆ ಜನ ಹೊಟ್ಟೆ ಹಿಡಿದುಕೊಂಡಿದ್ದರಿಂದ ಅದೂ ಯಾರ ಕಿವಿಗೂ ಬೀಳಲಿಲ್ಲ. ಮಾವ ಕಣ್ಣೊರೆಸಿಕೊಂಡು, 'ಆ ಮುದುಕರು ಮಾತು ಮುಗಿಸುವಾಗ ಮಳೆಗಾಲ ಬರ್ತದೆ ಮಾರಾಯ. ಗೋರೆಗಾಂವಿನದ್ದೇ ಆಗಲಿ' ಎಂದರು. ಗುರುವಾರ ಮುಂಗಡ ಕಟ್ಟುವುದೆಂದು ನಿಶ್ಚಯವಾಯಿತು.

ಭಾನುವಾರ ಈ ಸುದ್ದಿ ಹೊತ್ತು ದಹಿಸರಿಗೆ ಹೋದೆ. ಹೊಸ ಪ್ರೇಕ್ಷಕ ಸಿಕ್ಕಿದ ಉತ್ಸಾಹದಲ್ಲಿ ಬಸಪ್ಪನ ಎದುರಿಗೂ ಇಡೀ ಆಟ ಆಡಿದೆ. ಬಸಪ್ಪ ದಿಬ್ಬದ ಮೇಲೆ ಕೂತು, ತಂಬಾಕು ತಿಕ್ಕುತ್ತ, ನಗದೆ ಕೊನೆಯ ತನಕ ನೋಡಿದ.

'ಅದೆಲ್ಲಾ ಇರ್ಲಿ ತಮ್ಮಾ. ಗಾಡಿ ಯಾವಾಗ ಬರ್ತೈತಿ?'

ಒಂದು ತಿಂಗಳ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ದರ್ಜಿ ಕೇಳಿರಲಿಲ್ಲ, ಗಾರ್ಡು ಕೇಳಿರಲಿಲ್ಲ, ಮಾವ ಕೇಳಿರಲಿಲ್ಲ. ಎಂಟು ತಿಂಗಳು ಎಂದೆ. ಬಸಪ್ಪ ತಗ್ಗಿನ ಕಡೆ ನೋಡಿದ. 'ಹಂಗಾರ ಮಳಿ ಬಂದು ಹೋಗಿರ್ತೈತಲ್ಲೋ. ಆ ಹದಿನಾಕ ಮಂದಿ ಎಲ್ಲಿ ಮಲಗ್ಬೇಕು?'

ವಾಪಸು ಬರುವ ಲೋಕಲ್‌ನಲ್ಲಿ ಕೂರಲು ಜಾಗವಿದ್ದರೂ ನಾನು ಕೂರಲಿಲ್ಲ.

ಹೊಟೇಲಿಗೆ ಬಂದು ಮಾವನ ಮುಂದೆ ನಿಂತು, ಗೋರೆಗಾಂವಿನವ ಇನ್ನೊಂದು ಮಾತು ಹೇಳಿದ್ದ ಎಂದೆ. ಹೇಳಲು ಬಾಯಿ ತೆರೆದರೆ ಹೊರಬಂದದ್ದು ಆ ತರುಣನದೇ ಸ್ವರ. ಕೈ ತನ್ನಷ್ಟಕ್ಕೆ ಸೊಂಡಿಲಾಗಿ ಏಳತೊಡಗಿತು. 'ಎಂಟು ತಿಂಗಳು' ಎಂದಾಗ ಗಾರ್ಡು ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು, ಆಟಕ್ಕೆ ಹೊಸ ಸಾಲು ಸೇರಿಸಿದ್ದಾನೆಂದುಕೊಂಡು. ನಿಜ ಮಾವ ಎಂದೆ. ಇನ್ನೂ ನಕ್ಕರು. ನಿಜ ಎನ್ನುವುದನ್ನು ನಾನು ಹೆಡ್ ಕ್ಲರ್ಕನ ಸ್ವರದಲ್ಲಿ ಹೇಳಿದ್ದೆನಂತೆ. ನನ್ನ ಮೇಲೆ ನನಗೆ ಅಷ್ಟು ರೇಗಿದ್ದು ಜೀವಮಾನದಲ್ಲಿ ಅದೇ ಮೊದಲು. ಬೆಂಕಿ ಬಿದ್ದಿದೆ ಎಂದು ಕೂಗಿದರೂ ಚಪ್ಪಾಳೆ ತಟ್ಟುವಂತೆ ಜನರನ್ನು ಪಳಗಿಸಿಟ್ಟವನು ನಾನೇ, ಇನ್ನು ಯಾರನ್ನು ಬಯ್ಯಲಿ?

ಬಡಿಸುತ್ತಿದ್ದವರಲ್ಲಿ ಅಟ್ಟದ ಮೇಲೆ ಮಲಗುವ ಮೂರು ಜನರಿದ್ದರು. ಅವರೂ ನಗುತ್ತಿದ್ದರು. ಅವರನ್ನು ನೋಡಿ ನನ್ನ ಮುಖ ಹೇಗಾಯಿತೋ, ಮಾವ ಥಟ್ಟನೆ ನಗು ನಿಲ್ಲಿಸಿದರು. ಗಲ್ಲಾದ ಪಕ್ಕ ಸ್ಟೂಲು ಎಳೆದು, 'ಕೂತ್ಕೊ' ಎಂದರು. 'ಕೈ ಎರಡೂ ತೊಡೆಯ ಅಡಿಗೆ ಹಾಕು. ಈಗ ಯಾರದ್ದೂ ಸ್ವರ ಬೇಡ. ನಿನ್ನದರಲ್ಲಿ ಹೇಳು.'

ನನ್ನದು ಯಾವುದು? ಒಂದು ಕ್ಷಣ ಹುಡುಕಿದೆ. ಕೊನೆಗೆ ಎಲ್ಲಿಂದಲೋ ಒಂದು ಸ್ವರ ಬಂತು. ತೆಳ್ಳಗಿತ್ತು, ಸ್ವಲ್ಪ ನಡುಗುತ್ತಿತ್ತು, ಬೇರೆ ಯಾರಲ್ಲಾದರೂ ಕೇಳಿದ್ದರೆ ನಾನು ಖಂಡಿತ ಅಣಕಿಸುತ್ತಿದ್ದೆ. ಗಾಡಿ ಬರಲು ಎಂಟು ತಿಂಗಳು, ಬಂದರೂ ಗಲ್ಲಿಯಲ್ಲಿ ತಿರುಗುವುದಿಲ್ಲ, ತಿರುಗಿದರೂ ತಗ್ಗಿನಲ್ಲಿ ಹೂಳುತ್ತದೆ, ಬಾವಾಜಿಯ ಮೂವತ್ತೈದು ಸರಿ, ಬಾಡಿಗೆಗೆ ಸಿಗುತ್ತದೆ, ಇದನ್ನು ಮೊದಲೇ ಹೇಳದ್ದು ನನ್ನ ತಪ್ಪು. ಮುಗಿಯಿತು. ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಯಾರೂ ನಗಲಿಲ್ಲ. ಗಾರ್ಡು ಪೇಪರು ಬಿಡಿಸಿಕೊಂಡರು. ಮಾವ ಅಟ್ಟದ ಏಣಿಯತ್ತ ನೋಡಿದರು. ಆಮೇಲೆ, 'ಮದುವೆಯ ಚಪ್ಪರ ಬಾಡಿಗೆಗೇ ತರುವುದಲ್ವಾ' ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡರು. ಏಕಶ್ಲೋಕಿ ಧರ್ಮಶಾಸ್ತ್ರಕ್ಕೆ ಅಂದು ವ್ಯಾಖ್ಯಾನ ಹುಟ್ಟಿತು. ಮಾರನೆಯ ದಿನ ಮಧ್ಯಾಹ್ನ, ಊಟದ ರಶ್ಶಿನ ಹೊತ್ತಿಗೆ, ಗಲ್ಲಾವನ್ನು ಭಟ್ಟರಿಗೆ ಒಪ್ಪಿಸಿ, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಚಪ್ಪಲಿ ಮೆಟ್ಟಿ ಅವರೇ ಭಾಯಖಳಾಕ್ಕೆ ಹೊರಟರು.

ಬಾವಾಜಿಯ ಗಾಡಿ ಬಣ್ಣ ಹೋದದ್ದು, ಒಂದು ದೀಪ ಇಲ್ಲದ್ದು. ಗಲ್ಲಿಯಲ್ಲಿ ಮಾತ್ರ ಅದು ಬೆಣ್ಣೆಯಿಂದ ಕೂದಲು ಎಳೆದಂತೆ ಹೋಯಿತು. ಹಿಂದೆ ಬಸಪ್ಪ ಕಲ್ಲಿನ ಮೂಟೆ ಕಟ್ಟಿದ, ಮುಂದೆ ಬಕೆಟ್ ಏಳುತ್ತ ಇಳಿಯುತ್ತ ಹದಿಮೂರು ದಿನದಲ್ಲಿ ದಿಬ್ಬ ತಗ್ಗಿಗೆ ಬಂತು. ಜೂನ್ ತಿಂಗಳ ಮೊದಲ ಮಳೆ ಹೊಡೆದಾಗ ಹದಿನಾಲ್ಕು ಚಾಪೆಗಳೂ ಪತ್ರಾದ ಕೆಳಗಿದ್ದವು. ಮೂಲೆಯಲ್ಲಿ ಒಂದಿಷ್ಟು ಸೋರಿತು. ಅದಕ್ಕೆ ಟ್ರ್ಯಾಕ್ಟರ್ ಹೊಣೆಯಲ್ಲ.

ಈಗ ಹೊಟೇಲಿಗೆ ಯಾವ ವಸ್ತು ಕೊಳ್ಳಬೇಕಾದರೂ ವಿಚಾರಿಸಿ ಬರಲು ಮಾವ ನನ್ನನ್ನೇ ಕಳಿಸುತ್ತಾರೆ. ಬಂದು ಕೈಗಳ ಮೇಲೆ ಕೂತು ವರದಿ ಒಪ್ಪಿಸುತ್ತೇನೆ. ಜನ ಒಂದು ನಿಮಿಷ ಕೇಳಿ, ಆಕಳಿಸಿ, ತಂತಮ್ಮ ಕಾಫಿಗೆ ಮರಳುತ್ತಾರೆ. ಮೊದಮೊದಲು ನನಗೆ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಮಾವನೊಬ್ಬರು ಮಾತ್ರ ಆ ತೆಳ್ಳಗಿನ ಸ್ವರಕ್ಕೆ ಕಿವಿಗೊಟ್ಟು, ಕೊನೆಯ ಪದದ ತನಕ ಕಾಯುತ್ತಾರೆ. ಕಲಾವಿದನಿಗೆ ಇಡೀ ಹೊಟೇಲು ಬೇಕು. ಸುದ್ದಿ ತರುವವನಿಗೆ ಒಬ್ಬ ಮಾವ ಸಾಕು.