ಅಂಬಪ್ಪನ ಚಿಪ್

ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ ಟಿ.ವಿ. ರಿಪೇರಿ ಮಾಡುವ ಹುಸೇನಬಾಷಾನಿಗೆ ಒಂದು ಹುಚ್ಚು. ಕಾಲೇಜು ಲ್ಯಾಬುಗಳ ಹಳೆಯ ಮೈಕ್ರೊಪ್ರೊಸೆಸರ್ ಕಿಟ್‌ಗಳಲ್ಲಿ ತಪ್ಪು ಹುಡುಕಲೆಂದೇ ಬರೆದ ಪ್ರೋಗ್ರಾಮ್‌ಗಳನ್ನು ಚಿಪ್‌ನಿಂದ ಓದಿ, ಕಂಪ್ಯೂಟರಿಗೆ ಇಳಿಸಿ, ಅಂಥವನ್ನು ಕಾಪಾಡುವ ವೆಬ್‌ಸೈಟೊಂದಕ್ಕೆ ಕಳಿಸುತ್ತಾನೆ. ಅಲ್ಲಿ ಅವನ ಹೆಸರು ಹಾಕುತ್ತಾರೆ. ರಿಮೋಟ್ ರಿಪೇರಿಗೆ ಬಂದವರಿಗೂ ಆ ಹೆಸರು ತೋರಿಸದೆ ಬಿಡುವ ಆಸಾಮಿಯಲ್ಲ.

ಹೋದ ತಿಂಗಳು ವೆಬ್‌ಸೈಟಿನವರು ಕೇಳಿದರು: ಲಿಂಗಸುಗೂರಿನ ಕಾಲೇಜಿನಲ್ಲಿ ಅಂಬಪ್ಪ ಎಂಬವರು ಬರೆದ ಪ್ರೋಗ್ರಾಮ್ ಸಿಕ್ಕೀತೇ? ಹುಸೇನಬಾಷಾನ ಹೊಟ್ಟೆ ಉರಿದುಹೋಯಿತು. ಹಿಂದೆ ಆ ಕಾಲೇಜಿನ ಲ್ಯಾಬಿನಲ್ಲಿ ಇಬ್ಬರೂ ಮೆಕ್ಯಾನಿಕ್ಕುಗಳಾಗಿದ್ದರು. ಕಿಟ್‌ಗಳನ್ನು ಬೆಸುಗೆ ಹಾಕಿ ಬೆರಳು ಸುಟ್ಟುಕೊಂಡವನು ಇವನು. ಹುಡುಗರು ಮುತ್ತುತ್ತಿದ್ದುದು ಅಂಬಪ್ಪನನ್ನು. ಈಗಲೂ ಅವನೇ ಬೇಕಂತೆ.

ಹೇಳಿಕಳಿಸಿದ್ದಕ್ಕೆ ಅಂಬಪ್ಪ ಚಿಪ್ ಹಿಡಿದುಕೊಂಡು ಮಸ್ಕಿಯಿಂದ ಬಸ್ಸು ಹತ್ತಿ ಬಂದ. ಇಂಥ ಚಿಪ್‌ನ ಬೆನ್ನಿಗೊಂದು ಗಾಜಿನ ಕಿಂಡಿ ಇರುತ್ತದೆ. ಅದರೊಳಗೆ ನೇರಳಾತೀತ ಬೆಳಕು ಹೊಕ್ಕರೆ ಬರೆದದ್ದು ಅಳಿಸಿಹೋಗುತ್ತದೆ. ಅಂಬಪ್ಪ ಅದರ ಮೇಲೆ ಹೆಂಡತಿ ಕಸ್ತೂರೆಮ್ಮನ ಹಣೆಯ ಟಿಕಳಿ ಅಂಟಿಸಿದ್ದ.

"ಇದೊಂದ ಉಳದೈತಿ ಹುಸೇನ. ಓದಿ ಕಳಿಸಿಬಿಡು."

ಯಂತ್ರ ಓದಿತು. ಹುಸೇನಬಾಷಾನ ಕಡೆಗಷ್ಟೇ ತಿರುಗಿದ್ದ ಪರದೆ ತುಂಬ ಅಂಕಿ, ಅಕ್ಷರ, ಒಂದೂ ಮಾಸಿರಲಿಲ್ಲ. ಉಳಿಸುವ ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ತನ್ನ ಹೆಸರಿನ ಪಕ್ಕ ಅಂಬಪ್ಪನ ಹೆಸರು ಕೂರುವುದನ್ನು ನೆನೆದು ಹುಸೇನಬಾಷಾ ಒತ್ತಲಿಲ್ಲ. ಓದಿದ್ದನ್ನೆಲ್ಲ ಉಳಿಸದೆ ಹಾಗೇ ಮುಚ್ಚಿಬಿಟ್ಟ.

"ಖಾಲಿ ಆಗೈತಿ ಅಂಬಪ್ಪ."

ಅಂಬಪ್ಪ ಯಂತ್ರದಿಂದ ಚಿಪ್ ಬಿಡಿಸಿಕೊಂಡ. ಖಾಲಿಯಾದ ಚಿಪ್ಪನ್ನು ನೇರಳಾತೀತ ದೀಪದ ಪೆಟ್ಟಿಗೆಯಲ್ಲಿಟ್ಟು ಪೂರ್ತಿ ಅಳಿಸಿ ಮತ್ತೆ ಬಳಸುವುದು ಲ್ಯಾಬಿನ ವಾಡಿಕೆ. ಟಿಕಳಿ ಕಿತ್ತು, ಮೇಜಿನ ಮೇಲಿದ್ದ ಪೆಟ್ಟಿಗೆಯೊಳಗೆ ಚಿಪ್ ಇಟ್ಟು, ತಾನೇ ದೀಪ ಹಚ್ಚಿದ.

"ಸುಮ್ನ ಬಿದ್ದಿರೋದ್ಯಾಕ? ನಿನಗರ ಕೆಲಸಕ್ಕ ಬರ್ಲಿ."

ಹುಸೇನಬಾಷಾ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹೇಳಬೇಕಾದ ಮಾತು 'ಸುಳ್ಳು ಹೇಳಿದೆ' ಎಂಬುದು. ಅದೂ ಬೇರೆ ಯಾರಿಗಲ್ಲ, ಈ ಅಂಬಪ್ಪನಿಗೆ. ಚಹಾ ತರಿಸಿದ. ಅಂಬಪ್ಪ ಪಾಮನಕಲ್ಲೂರಿನ ಬೀಗರ ಸುದ್ದಿ ಹೇಳುತ್ತ ನಿಧಾನವಾಗಿ ಕುಡಿದ. ಇವನ ಚಹಾ ಹಾಗೇ ಆರಿತು.

ಕೊನೆಗೆ ತಡೆಯಲಾಗದೆ ಎದ್ದು ಪೆಟ್ಟಿಗೆಯ ವೈರನ್ನೇ ಕಿತ್ತ. ಚಿಪ್ಪನ್ನು ಓದುವ ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಕ್ಷರ, ಬರೆದದ್ದೇನೂ ಉಳಿದಿರಲಿಲ್ಲ. ಮತ್ತೊಮ್ಮೆ ಒತ್ತಿದ. ಅದೇ.

ಅಂಬಪ್ಪ ಲೋಟ ಕೆಳಗಿಟ್ಟು ಅವನ ಮುಖವನ್ನೇ ನೋಡಿದ.

"ಖಾಲಿ ಐತಿ ಅಂತ ನೀನ ಹೇಳಿದ್ದಿ. ಮತ್ತ್ಯಾಕ ಓದಾಕತ್ತಿ?"