ನೀರಿಗೆ ಅದರ ಬಣ್ಣ ಮರಳಿಸುವ ತೊಟ್ಟಿಯಕ್ಕ

ಬೆಳಗಿನ ಐದೂಮುಕ್ಕಾಲು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಮುಂದಿನ ಗೇಟಿನಲ್ಲಿ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಹಿಂಭಾಗದಲ್ಲಿ ಮಾತ್ರ ಆಗಲೇ ದಿನ ಶುರುವಾಗಿದೆ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ತಲೆಗೆ ಬಟ್ಟೆ ಬಿಗಿದುಕೊಂಡ ಹೆಂಗಸೊಬ್ಬರು ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದಾರೆ. ಮೇಲಿರುವುದು ಮೊದಲ ತೊಟ್ಟಿ. ಅದರ ತುಂಬ ನಿನ್ನೆಯ ನೀರು: ಕಡುಗೆಂಪು, ಮೇಲೆ ಒಂದು ಗೇಣು ನೊರೆ. ಉದ್ದ ಕೋಲಿಗೆ ಕಟ್ಟಿದ ಮಗ್ಗಿನಲ್ಲಿ ಒಂದಿಷ್ಟು ಮೊಗೆದು, ಒಂದು ಹನಿ ನಾಲಿಗೆಯ ತುದಿಗೆ ಮುಟ್ಟಿಸಿ ಉಗಿಯುತ್ತಾರೆ, ಮುಖ ಕಿವುಚುತ್ತಾರೆ.

“ನಿನ್ನೆ ಸಂಜೆ ಯಾರಿಗೋ ಆತುರ. ಬಣ್ಣ ಬೇಗ ಹಿಡೀಲಿ ಅಂತ ಉಪ್ಪು ಸುರಿದುಬಿಟ್ಟಿದ್ದಾರೆ ನೋಡಿ,” ಎನ್ನುತ್ತಾರೆ, ಮಗಳ ಅಡುಗೆಯಲ್ಲಿ ತಪ್ಪು ಹಿಡಿದ ತಾಯಿಯ ಹಾಗೆ.

ಕಾರ್ಖಾನೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ತೊಟ್ಟಿಯಕ್ಕ ಎಂದು. ವಯಸ್ಸು ಐವತ್ತನಾಲ್ಕು. ಬಣ್ಣದ ಕೆಲಸ ಮುಗಿದ ಮೇಲೆ ಉಳಿಯುವ ಕೊಳೆನೀರನ್ನು ತಿಳಿಗೊಳಿಸಿ ಹಿಂದಿನ ಕಾಲುವೆಗೆ ಬಿಡುವುದು ಇವರ ಕೆಲಸ. ದಿನಕ್ಕೆ ಎರಡು ಲಕ್ಷ ಲೀಟರ್. ಐದು ತೊಟ್ಟಿ, ನೀರು ಬಿಡುವ, ಕಟ್ಟುವ ಹದಿನೇಳು ತಿರುಪು, ಮೂರು ಪಂಪು. ಮೆಟ್ಟಿಲುಗಳ ಲೆಕ್ಕ ಅವರಿಗಿಲ್ಲ. “ಮಂಡಿ ಇಟ್ಟಿರತ್ತೆ ಲೆಕ್ಕ, ಮನೆಗೆ ಹೋದ ಮೇಲೆ ಒಪ್ಪಿಸತ್ತೆ.”

ಬಿಸಿಯಾಗಿ ಬರುವ ನೀರು ಮೊದಲ ತೊಟ್ಟಿಯಲ್ಲಿ ಆರಬೇಕು. ಎರಡನೆಯದರಲ್ಲಿ ಸುಣ್ಣ, ಪಟಿಕ ಬಿದ್ದು ಬಣ್ಣವೆಲ್ಲ ಮೊಸರೊಡೆದಂತೆ ಗಟ್ಟಿಯಾಗಿ ತಳ ಸೇರಬೇಕು. ಎಷ್ಟು ಪಟಿಕ ಎಂಬುದನ್ನು ಅವರು ದಿನವೂ ಆರು ಗಾಜಿನ ಲೋಟಗಳಲ್ಲಿ ಬೇರೆಬೇರೆ ಅಳತೆ ಹಾಕಿ ನೋಡಿಯೇ ತೀರ್ಮಾನಿಸುತ್ತಾರೆ. ಆಮೇಲೆ ಬರುವುದು ಮೂರನೆಯ ತೊಟ್ಟಿ. ಅದರ ಸುದ್ದಿ ಎತ್ತಿದರೆ ತೊಟ್ಟಿಯಕ್ಕನ ಮುಖ ಅರಳುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ನೀರಿನಲ್ಲಿ ಉಳಿದ ಕೊಳೆಯೇ ಅವುಗಳ ಊಟ. ಉಸಿರಾಡಲು ಗಾಳಿಯಂತ್ರ ಹಗಲಿರುಳೂ ಗಾಳಿ ಊದುತ್ತಿರಬೇಕು.

“ಇವು ನನ್ನ ಮಕ್ಕಳು. ಬಿಸಿ ತಡೆಯಲ್ಲ, ಹುಳಿ ತಡೆಯಲ್ಲ, ಹಸಿವಂತೂ ಮೊದಲೇ ತಡೆಯಲ್ಲ. ಕಾರ್ಖಾನೆಗೆ ರಜೆ ಇದ್ದಾಗಲೂ ನಾನು ಬಂದು ಒಂದು ಬಕೆಟ್ ಸಕ್ಕರೆ ನೀರು ಹಾಕಿ ಹೋಗ್ತೀನಿ. ರಜೆ ನಮಗೆ, ಹೊಟ್ಟೆಗಲ್ವಲ್ಲ!”

ಅಲ್ಲಿಂದ ಮುಂದೆ ನೀರು ನಾಲ್ಕನೆಯ ತೊಟ್ಟಿಯ ಮರಳು, ಇದ್ದಿಲಿನ ಮೂಲಕ ಸೋಸಿಕೊಂಡು ಕೊನೆಯ ತೊಟ್ಟಿಗೆ ಇಳಿಯುತ್ತದೆ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಮೀನುಗಳಿವೆ. ಒಂದು ಮೀನು ಮಂಕಾದರೂ ಕಾಲುವೆಯ ಬಾಗಿಲು ಬಂದ್.

ಈ ಕೆಲಸ ಅವರು ಬಯಸಿ ಬಂದದ್ದಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವರು ನೂಲು ಸುತ್ತುವ ವಿಭಾಗದಲ್ಲಿದ್ದರು. ಅಲ್ಲಿನ ಮೇಲ್ವಿಚಾರಕನ ಜೊತೆ ಒಂದು ದಿನ ಮಾತಿಗೆ ಮಾತು ಬೆಳೆಯಿತು. ಶಿಕ್ಷೆಯೆಂದು ಅವರನ್ನು ಹಿಂದಿನ ತೊಟ್ಟಿಗಳಿಗೆ ಅಟ್ಟಿದರು. ಅಲ್ಲಿ ಯಾರೂ ಮೂರು ತಿಂಗಳಿಗಿಂತ ಹೆಚ್ಚು ನಿಂತಿರಲಿಲ್ಲ. ನಾತಕ್ಕೆ ಹೆದರಿ ಎಲ್ಲರೂ ಕಾಲಿಗೆ ಬುದ್ಧಿ ಹೇಳಿದ್ದರು. “ಮೊದಲನೇ ವಾರ ಊಟ ಸೇರ್ತಿರಲಿಲ್ಲ. ಎರಡನೇ ವಾರ ಯೋಚನೆ ಮಾಡಿದೆ, ಈ ನಾತ ನನಗೇ ಇಷ್ಟು ಕಷ್ಟ ಆದ್ರೆ ಕಾಲುವೆಗೆ ಎಷ್ಟಿರಬೇಡ ಅಂತ.”

ಓದಿದ್ದು ಏಳನೇ ತರಗತಿ. ಯಂತ್ರಗಳ ಜೊತೆ ಬಂದಿದ್ದ ಕೈಪಿಡಿಯನ್ನು ಮನೆಗೆ ಒಯ್ದರು. ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳು ದಿನಕ್ಕೆರಡು ಪುಟ ಓದಿ ಹೇಳಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಪಂಪಿನ ಒಳಗುಟ್ಟು ಹೇಳಿಕೊಟ್ಟರು. “ಇವಳಿಗೆ ಪಂಪು ಬಿಚ್ಚೋದು ಕಲಿಸಿದ್ದೇ ತಪ್ಪಾಯ್ತು. ಈಗ ಮನೆ ಪಂಪು ಕೆಟ್ರೆ ನನ್ನನ್ನ ಹತ್ರ ಬಿಡಲ್ಲ,” ಎಂದು ಅವರು ನಗುತ್ತಾರೆ.

ನಾಲ್ಕು ವರ್ಷದ ಹಿಂದಿನ ಒಂದು ಬೆಳಿಗ್ಗೆ ಈ ನಗುವೆಲ್ಲ ಆರಿಹೋಗುವುದರಲ್ಲಿತ್ತು. ಗಾಳಿಯಂತ್ರ ಕೆಟ್ಟು ಎರಡು ದಿನವಾಗಿತ್ತು. ಉಸಿರಿಲ್ಲದೆ ಮೂರನೆಯ ತೊಟ್ಟಿಯ ಜೀವಿಗಳು ಸಾಯುತ್ತಿದ್ದವು, ನೀರು ಕಪ್ಪಿಟ್ಟಿತ್ತು. ತೊಟ್ಟಿಗಳೆಲ್ಲ ಅಂಚಿನವರೆಗೆ ತುಂಬಿದ್ದವು. ಒಳಗೆ ದೊಡ್ಡದೊಂದು ಆರ್ಡರ್. ಯಂತ್ರಗಳು ಬಣ್ಣದ ನೀರು ಕಕ್ಕುತ್ತಲೇ ಇದ್ದವು. ಮೊದಲ ತೊಟ್ಟಿಯಿಂದ ನೇರವಾಗಿ ಕಾಲುವೆಗೆ ಹೋಗುವ ಒಂದು ಅಡ್ಡಪೈಪು ಹಿಂದಿನಿಂದಲೂ ಇತ್ತು. ಅದರ ತಿರುಪು ಬಿಚ್ಚಿಬಿಡಲು ಬಣ್ಣದ ವಿಭಾಗದ ಮೇಲ್ವಿಚಾರಕ ಬಂದು ಹೇಳಿದ.

ತೊಟ್ಟಿಯಕ್ಕ ಸ್ಪ್ಯಾನರ್ ತಂದರು. ಆದರೆ ತಿರುಪನ್ನು ಬಿಚ್ಚಲಿಲ್ಲ. ತಿರುಪಿನ ಮೇಲಿದ್ದ ಕಬ್ಬಿಣದ ಚಕ್ರವನ್ನೇ ಕಳಚಿ ಊಟದ ಚೀಲಕ್ಕೆ ಹಾಕಿಕೊಂಡು, ಚೀಲವನ್ನು ಮಡಿಲಲ್ಲಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ಜಪ್ಪಯ್ಯ ಅಂದರೂ ಏಳಲಿಲ್ಲ. ನೀರು ಹೋಗಲು ದಾರಿಯಿಲ್ಲದೆ ಯಂತ್ರಗಳು ಒಂದೊಂದಾಗಿ ನಿಂತವು. ನೂರಾ ಎಂಬತ್ತು ಮಂದಿ ಅಂಗಳಕ್ಕೆ ಬಂದರು. “ನಮ್ಮ ಅನ್ನಕ್ಕೆ ಕಲ್ಲು ಹಾಕ್ತೀಯಾ?” ಎಂದು ಒಬ್ಬರು ಕೂಗಿದರು. ಕೂಗಿದವರು ಹತ್ತು ವರ್ಷ ಜೊತೆಯಲ್ಲಿ ಕೂತು ಉಂಡವರು.

“ಅದು ಮಾತ್ರ ನಾಟಿತು,” ಎನ್ನುತ್ತಾರೆ ತೊಟ್ಟಿಯಕ್ಕ. “ಕೆಲಸ ಹೋಗತ್ತೆ ಅಂತ ಗೊತ್ತಿತ್ತು. ಮಗಳ ಮದುವೆ ಮುಂದಿತ್ತು. ಎದ್ದುಬಿಡೋಣ ಅಂತ ಎರಡು ಸಲ ಅನ್ನಿಸ್ತು. ಮಡಿಲಲ್ಲಿ ಆ ಚಕ್ರ ಭಾರ ಇತ್ತಲ್ಲ, ಅದಕ್ಕೇ ಏಳಲಿಲ್ಲವೋ ಏನೋ!”

ಮಾಲೀಕರು ಬಂದರು. ಬೆಳಿಗ್ಗೆ ಹತ್ತು ನಿಮಿಷ ಕಣ್ಣುಮುಚ್ಚಿ ಪ್ರಾರ್ಥನೆ ಮಾಡದೆ ಕುರ್ಚಿಯಲ್ಲಿ ಕೂರದ ಮನುಷ್ಯ ಅವರು. ಅಂದು ಪ್ರಾರ್ಥನೆಯ ನಡುವೆಯೇ ಎದ್ದು ಬಂದಿದ್ದರು.

“ಏನಮ್ಮಾ ಇದು? ನನ್ನ ಕಾರ್ಖಾನೆಗೆ ನೀನು ಬೀಗ ಹಾಕ್ತೀಯಾ?”

“ಬೀಗ ಕಾರ್ಖಾನೆಗಲ್ಲ ಸಾರ್, ಈ ಪೈಪಿಗೆ. ನೀವು ಮುಂದಿನ ಕೋಣೆಯಲ್ಲಿ ದೇವರಿಗೆ ಕೈ ಮುಗೀತೀರಿ. ಹಿಂದಿನಿಂದ ನಾವು ಅವನು ಕೊಟ್ಟ ನೀರಿಗೇ ವಿಷ ಬಿಟ್ರೆ ಆ ಪ್ರಾರ್ಥನೆ ಎಲ್ಲಿಗೆ ಹೋಗಿ ಮುಟ್ಟತ್ತೆ? ಒಂದು ಹತ್ತು ನಿಮಿಷ ನನ್ನ ಜೊತೆ ಕಾಲುವೆ ತನಕ ಬನ್ನಿ. ಆಮೇಲೂ ಬಿಡು ಅಂದ್ರೆ ಚಕ್ರ ನಿಮ್ಮ ಕೈಗೇ ಕೊಡ್ತೀನಿ. ತಿರುಗಿಸೋರು ನೀವೇ ಆಗ್ಬೇಕು.”

ಮಾಲೀಕರ ಮುಖ ಕೆಂಪೇರಿತ್ತು. ಆದರೂ ಅದೇನನ್ನಿಸಿತೋ, ಹೊರಟರು. ಇಪ್ಪತ್ತೆರಡು ವರ್ಷ ನಡೆಸಿದ ತಮ್ಮದೇ ಕಾರ್ಖಾನೆಯ ಹಿಂಬಾಗಿಲನ್ನು ಅವರು ದಾಟಿದ್ದು ಅದೇ ಮೊದಲು.

ಕಾಲುವೆಯ ದಡದಲ್ಲಿ ಮುದುಕರೊಬ್ಬರು ಬಟ್ಟೆ ಒಗೆಯುತ್ತಿದ್ದರು. ಮನೆಮನೆಯ ಬಟ್ಟೆ ತಂದು ಒಗೆದು ಕೊಡುವುದೇ ಅವರ ಜೀವನ. ಎದುರು ನಿಂತವರು ಯಾರೆಂದು ಅವರಿಗೆ ಗೊತ್ತಿಲ್ಲ. ಇವರನ್ನು ನೋಡಿ ಮಾತಿಗಿಳಿದರು.

“ಹಿಂದೆಲ್ಲ ಸೋಮವಾರ ಬಿಳಿ ಅಂಗಿ ತಂದ್ರೆ ಬುಧವಾರ ನೀಲಿ ಅಂಗಿ ವಾಪಸ್ ಕೊಡ್ತಿದ್ದೆ ಸ್ವಾಮಿ! ಬೈಸಿಕೊಂಡು ಸಾಕಾಗಿತ್ತು. ಕೈಯೆಲ್ಲ ಹುಣ್ಣು. ಈಗ ಎಷ್ಟೋ ವರ್ಷದಿಂದ ನೀರು ಕನ್ನಡಿ ಇದ್ದಂಗೆ ಬರತ್ತೆ. ಈ ಕಾರ್ಖಾನೆ ಯಜಮಾನನ ಮುಖ ನಾನು ನೋಡಿಲ್ಲ. ಪುಣ್ಯಾತ್ಮ ಇರಬೇಕು. ದಿನಾ ಕೆಲಸ ಶುರು ಮಾಡೋಕೆ ಮುಂಚೆ ಅವನ ಹೆಸರಲ್ಲಿ ಒಂದು ಪ್ರಾರ್ಥನೆ ಮಾಡ್ತೀನಿ.”

ಮಾಲೀಕರು ಒಗೆದು ಹರವಿದ್ದ ಬಿಳಿ ಬಟ್ಟೆಗಳ ಸಾಲಿನುದ್ದಕ್ಕೂ ನಡೆದು, ಕಾರ್ಖಾನೆಯ ಕಡೆ ತಿರುಗಿದರು. ಚೀಲದಲ್ಲಿದ್ದ ಚಕ್ರವನ್ನು ಅವರು ಕೇಳಲೇ ಇಲ್ಲ.

ಇವತ್ತು ಆ ದಿನದ ಬಗ್ಗೆ ಕೇಳಿದರೆ ಮಾಲೀಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. “ನನ್ನನ್ನ ನೋಡೇ ಇಲ್ಲದ ಒಬ್ಬ ಮನುಷ್ಯ ದಿನಾ ದೇವರ ಹತ್ರ ನನ್ನ ಪರವಾಗಿ ಸಾಕ್ಷಿ ಹೇಳ್ತಿದ್ದಾನೆ. ಆ ಸಾಕ್ಷಿಯನ್ನ ಸುಳ್ಳು ಮಾಡೋದು ಹೇಗೆ ಹೇಳಿ? ಅದುವರೆಗೆ ನಾನು ಧರ್ಮ ಅಂದ್ರೆ ದಾನ ಕೊಡೋದು ಅಂದ್ಕೊಂಡಿದ್ದೆ. ವ್ಯಾಪಾರ ಮಾಡೋ ರೀತಿಯಲ್ಲೇ ಅದು ಇರಬೇಕು ಅಂತ ಹೊಳೆದಿರಲಿಲ್ಲ.”

ಕಾರ್ಖಾನೆ ಐದು ದಿನ ನಿಂತಿತು. ಕಾರ್ಮಿಕರಿಗೆ ಆ ದಿನಗಳ ಕೂಲಿ ತಪ್ಪಲಿಲ್ಲ. ಸುಮ್ಮನೆ ಕೂರುವುದೇಕೆಂದು ಅವರೂ ಬೂಟು ತೊಟ್ಟು ತೊಟ್ಟಿಗಳ ಕೆಸರು ತೆಗೆಯಲು ಇಳಿದರು. ಅನ್ನಕ್ಕೆ ಕಲ್ಲು ಎಂದು ಕೂಗಿದವರೇ ಮುಂದೆ ನಿಂತು ಬಕೆಟ್ ಹೊತ್ತರು. ಮಧ್ಯಾಹ್ನ ಬುತ್ತಿಯ ಡಬ್ಬಿ ತೆರೆದು ಮೊದಲ ತುತ್ತನ್ನು ತೊಟ್ಟಿಯಕ್ಕನ ತಟ್ಟೆಗೆ ಹಾಕಿದರು. ಆರ್ಡರಿನಲ್ಲಿ ಅರ್ಧ ಕೈತಪ್ಪಿತು, ಅದನ್ನು ಮಾಲೀಕರು ಮುಚ್ಚಿಡುವುದಿಲ್ಲ. ಉಳಿದರ್ಧವನ್ನು ಕೊಂಡವರು ಗೊಣಗಿಕೊಂಡೇ ಕೊಂಡರು. ಹೊಸ ಗಾಳಿಯಂತ್ರ ಬಂತು, ಅದು ಕೆಟ್ಟರೆ ಇರಲೆಂದು ಇನ್ನೊಂದೂ ಬಂತು. ಅಡ್ಡಪೈಪನ್ನು ಕತ್ತರಿಸಿ ಬಾಯಿಗೆ ವೆಲ್ಡಿಂಗ್ ಹಾಕಿದ ದಿನ ಇಡೀ ಕಾರ್ಖಾನೆ ಚಪ್ಪಾಳೆ ತಟ್ಟಿತು.

ಅಂದು ತಿರುಪು ಬಿಚ್ಚಲು ಹೇಳಿದ್ದ ಮೇಲ್ವಿಚಾರಕ ಈಗ ಬೆಳಗಿನ ಚಹಾ ಕುಡಿಯಲು ಬರುವುದು ಮೀನಿನ ತೊಟ್ಟಿಯ ಹತ್ತಿರಕ್ಕೆ. ಬಿಸ್ಕತ್ತನ್ನು ಪುಡಿಮಾಡಿ ನೀರಿಗೆ ಉದುರಿಸುತ್ತಾನೆ. “ಬೇಡ ಕಣಪ್ಪಾ, ಹೊಟ್ಟೆ ಕೆಡತ್ತೆ ಅವಕ್ಕೆ,” ಎಂದು ಅಕ್ಕ ಗದರುತ್ತಾರೆ. “ಒಂದೇ ಒಂದು ಅಕ್ಕಾ, ಅದು ನನ್ನ ಗುರುತು ಹಿಡಿದಿದೆ,” ಎಂದು ಆತ ಗೋಗರೆಯುತ್ತಾನೆ. ಬಣ್ಣದ ವಿಭಾಗದಲ್ಲೂ ಬದಲಾವಣೆಯಾಗಿದೆ: ಕಡಿಮೆ ಉಪ್ಪು ಬೇಡುವ ಬಣ್ಣಗಳನ್ನು ತರಿಸಲು ಶುರುಮಾಡಿದ್ದಾರೆ, ಯಾವ ಬಣ್ಣ ಕೊಳ್ಳಬೇಕೆಂದು ತೊಟ್ಟಿಯಕ್ಕನನ್ನು ಕೇಳುತ್ತಾರೆ. ಆದರೂ ಆತುರದವರ ಕೈ ಉಪ್ಪಿನ ಮೂಟೆಯ ಕಡೆಗೆ ಹೋಗುವುದು ಪೂರ್ತಿ ನಿಂತಿಲ್ಲ. ಹಾಗೆ ಕೈ ಹೋದ ದಿನ ಮೊದಲು ಗೊತ್ತಾಗುವುದು ಅಕ್ಕನ ನಾಲಿಗೆಗೆ.

ಇಲ್ಲಿ ಕೆಲಸ ಮಾಡುವವರು ಬೇರೆಬೇರೆ ದೇವರನ್ನು ನಂಬುವವರು. ಅವರಿಗೆಲ್ಲ ತೊಟ್ಟಿಯಕ್ಕ ಹೇಳುವುದು ಒಂದೇ ಮಾತು. “ಯಾರ ದೇವರ ಮುಂದೆ ನಿಲ್ಲೋಕೂ ಮೊದಲು ಕೈಕಾಲು ತೊಳ್ಕೋತೀರಲ್ಲ? ಹಾಗಾದ್ರೆ ದೇವರಿಗಿಂತ ಮುಂಚೆ ನೀರಾಯ್ತು. ಅದನ್ನ ಚೆನ್ನಾಗಿ ಇಟ್ಕೊಂಡ್ರೆ ಅವನೇ ಬರ್ತಾನೆ.”

ಹತ್ತು ಗಂಟೆಯ ಬಿಸಿಲಿಗೆ ಕೊನೆಯ ತೊಟ್ಟಿಯ ತಳ ನಿಚ್ಚಳವಾಗಿ ಕಾಣುತ್ತಿದೆ. ಅಕ್ಕ ಕಾಲುವೆಯ ಬಾಗಿಲು ಎತ್ತುತ್ತಾರೆ, ನೀರು ಸದ್ದು ಮಾಡುತ್ತ ಧುಮುಕುತ್ತದೆ. ಕೆಲಸದಿಂದ ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಏನಾದರೂ ಆಸೆ ಉಳಿದಿದೆಯೇ ಎಂದರೆ ನಾಚಿಕೊಂಡು ಗಂಡನ ಕಡೆ ನೋಡುತ್ತಾರೆ. ಮಧ್ಯಾಹ್ನದ ಬುತ್ತಿ ತಂದಿದ್ದ ಅವರು, “ಹೇಳು, ಹೇಳು,” ಎಂದು ಕಣ್ಣಲ್ಲೇ ಹುರಿದುಂಬಿಸುತ್ತಾರೆ.

“ನಗಬಾರದು ಮತ್ತೆ. ನನಗೆ ಈಜು ಬರಲ್ಲ. ಇಷ್ಟು ವರ್ಷ ನೀರಿನ ಜೊತೆ ಇದ್ದು, ಒಂದ್ಸಲಾನೂ ನೀರಿಗಿಳಿದಿಲ್ಲ. ಕೆಲಸ ಬಿಟ್ಟ ಮಾರನೇ ದಿನ ಈ ಕಾಲುವೇಲಿ ಈಜು ಕಲೀಬೇಕು.”

“ದಡದಲ್ಲಿ ಹಗ್ಗ ಹಿಡ್ಕೊಂಡು ನಾನು ಕೂತಿರ್ತೀನಿ,” ಎನ್ನುತ್ತಾರೆ ಗಂಡ. “ಈ ವಯಸ್ಸಲ್ಲಿ ಯಾರಿಗೆ ಬೇಕು ಭಯ!”

“ಹಗ್ಗ ಯಾಕ್ರೀ?” ತೊಟ್ಟಿಯಕ್ಕ ಬಾಗಿ, ಹರಿಯುವ ನೀರಿಗೆ ಮೊಣಕೈವರೆಗೂ ಕೈ ಇಳಿಬಿಡುತ್ತಾರೆ. “ಒಂದೊಂದು ಹನೀನೂ ನಾನೇ ನೋಡಿ ಕಳಿಸಿದ ನೀರು ಇದು. ನನ್ನನ್ನ ಮುಳುಗಿಸತ್ತಾ?”